ಮಾರುವವನು ಹೇಳಲೇಬೇಕಾದ ಮಾತು

ಅನಂತಪುರ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು 1882ನೆಯ ಇಸವಿಯನ್ನು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ನೆನೆಯುತ್ತಾರೆ. ಆ ವರ್ಷ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರವನ್ನು ಬೇರೆ ಜಿಲ್ಲೆಯಾಗಿ ಮಾಡಲಾಯಿತು. ಮಡಕಶಿರ ಹೊಸ ಜಿಲ್ಲೆಗೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿದು, ಮುಂದೆ ಎಪ್ಪತ್ತೊಂದು ವರ್ಷಗಳ ಕಾಲ ಅಲ್ಲಿಯೇ ಇತ್ತು. ಆದರೆ ಅದೇ ವರ್ಷ ನಮ್ಮ ರೈತರ ಬಾಳಿಗೆ ಜಿಲ್ಲೆಯ ಗಡಿಗಿಂತ ಹೆಚ್ಚು ಹತ್ತಿರವಾದ ಎರಡು ಕಾನೂನುಗಳೂ ಹುಟ್ಟಿದವು. ಒಂದು, ಭಾರತ ಸರಕಾರದ 4ನೆಯ ಕಾಯಿದೆಯಾದ ಸ್ವತ್ತು ವರ್ಗಾವಣೆ ಕಾಯಿದೆ. ಇನ್ನೊಂದು, ಮದರಾಸು ಸರಕಾರದ 5ನೆಯ ಕಾಯಿದೆಯಾದ ಮದ್ರಾಸ್ ಅರಣ್ಯ ಕಾಯಿದೆ. ಮೊದಲನೆಯದು ಹೊಲವನ್ನು ಮಾರುವವನು ಕೊಳ್ಳುವವನಿಗೆ ಏನನ್ನು ಹೇಳಬೇಕೆಂಬುದನ್ನು ಬರೆದಿಟ್ಟಿತು. ಎರಡನೆಯದು ಗುಡ್ಡವನ್ನು ವಶಕ್ಕೆ ತೆಗೆದುಕೊಳ್ಳುವ ಸರಕಾರ ಊರಿನವರಿಗೆ ಏನನ್ನು ಸಾರಬೇಕೆಂಬುದನ್ನು ಬರೆದಿಟ್ಟಿತು.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಕ್ರಯಪತ್ರ, ಅಡಂಗಲ್ಲುಗಳ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಗಡಿನಾಡಿನಲ್ಲಿ ಕನ್ನಡದ ಬಳಕೆ ಎಷ್ಟು ಉಳಿದಿದೆ ಎಂಬುದನ್ನು ಅಳೆಯಲು ಕವಿತೆಗಿಂತ ನೋಟೀಸು ಒಳ್ಳೆಯ ಅಳತೆಗೋಲು ಎಂಬುದು ನನ್ನ ನಂಬಿಕೆ. ಕವಿತೆಯನ್ನು ಓದದಿದ್ದರೆ ರುಚಿ ಹೋಗುತ್ತದೆ. ನೋಟೀಸನ್ನು ಓದಲಾರದಿದ್ದರೆ ಹೊಲ ಹೋಗುತ್ತದೆ.

ಭೂಮಿಯ ಮಾರಾಟವು ಊರಿಗೆಲ್ಲ ತಿಳಿಯಬೇಕೆಂಬ ವಿಚಾರ ಆಂಗ್ಲರು ತಂದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ವಿಚಾರ ಬರುತ್ತದೆ. ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಹೋಗಬೇಕಾದರೆ ಊರಿನವರು, ಜ್ಞಾತಿಗಳು, ನೆರೆಹೊಲದವರು, ದಾಯಾದಿಗಳು ಇವರೆಲ್ಲರ ಒಪ್ಪಿಗೆಯೂ, ಹೊನ್ನು ನೀರುಗಳನ್ನು ಕೈಗೆರೆದುಕೊಡುವ ವಿಧಿಯೂ ಬೇಕೆಂಬ ಹಳೆಯ ವಚನವೊಂದನ್ನು ಅವನು ಎತ್ತಿಕೊಂಡು ವಿಚಾರಿಸುತ್ತಾನೆ. ಅವನ ಉತ್ತರ ಬಹಳ ಪ್ರಾಯೋಗಿಕವಾದುದು. ಊರಿನವರ ಒಪ್ಪಿಗೆಯಿಲ್ಲದೆ ಮಾರಾಟವೇ ಆಗದು ಎಂದು ಅವನು ಹೇಳುವುದಿಲ್ಲ. ವ್ಯವಹಾರವು ಪ್ರಕಟವಾಗಲಿ ಎಂಬುದಕ್ಕಾಗಿ ಊರು ಬೇಕು, ಎಲ್ಲೆಯ ಜಗಳ ಹುಟ್ಟದಿರಲಿ ಎಂಬುದಕ್ಕಾಗಿ ನೆರೆಯವನು ಬೇಕು ಎನ್ನುತ್ತಾನೆ. ಒಪ್ಪಿಗೆಯೆಂಬ ಮಾತನ್ನು ಅವನು ತಿಳಿವಳಿಕೆಯೆಂಬ ಅರ್ಥಕ್ಕೆ ಇಳಿಸಿದನು. ಇಂದು ನೋಂದಣಿ ಕಚೇರಿಯಲ್ಲಿ ನಡೆಯುವ ಕೆಲಸದ ಸಾರವೂ ಇದೇ ಆಗಿದೆ.

ಮಡಕಶಿರದ ಸೀಮೆಯಲ್ಲಿರುವವರಿಗೆ ಇದಕ್ಕೆ ಕಲ್ಲಿನ ಸಾಕ್ಷಿಯೇ ಉಂಟು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಅಮರಾಪುರದ ಮಗ್ಗುಲಲ್ಲಿಯೇ ಇದೆ. ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ನಿಂತಿರುವ ಕನ್ನಡ ಶಾಸನಗಳ ರೀತಿಯನ್ನು ನೋಡಿರಿ. ಭೂಮಿಯ ದಾನವಾಗಲಿ ವಿನಿಯೋಗವಾಗಲಿ, ಶಾಸನವು ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುತ್ತದೆ; ಕೆರೆ, ಬಂಡೆ, ಮರ, ದಾರಿಗಳನ್ನು ಗುರುತಾಗಿಡುತ್ತದೆ; ಸಾಕ್ಷಿಗಳನ್ನು ಹೆಸರಿಸುತ್ತದೆ; ಅಳಿದವನಿಗೆ ಶಾಪವನ್ನೂ ವಿಧಿಸುತ್ತದೆ. ಅದನ್ನು ನಿಲ್ಲಿಸಿದುದು ದೇವಾಲಯದ ಮುಂದೆ, ಕೆರೆಯ ಏರಿಯ ಮೇಲೆ, ನಾಲ್ಕು ಜನ ಓಡಾಡುವ ಕಡೆ. ವಿಜಯನಗರ ಕಾಲದ ಪತ್ರಗಳಲ್ಲಿ ಬರುವ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಪಟ್ಟಿಯೂ ಒಂದು ಬಗೆಯ ಪ್ರಕಟಣೆಯೇ. ನೆಲದೊಂದಿಗೆ ಏನೇನು ಬರುತ್ತದೆ ಎಂಬುದನ್ನು ಅದು ಎಣಿಸಿ ಹೇಳುತ್ತಿತ್ತು. ನೆಲದೊಂದಿಗೆ ಯಾವ ಕಷ್ಟ ಬರುತ್ತದೆ ಎಂಬುದನ್ನು ಮಾತ್ರ ಈ ಶಾಸನಗಳು ಹೇಳವು. ದೋಷವನ್ನು ಮುಚ್ಚಿಟ್ಟು ಮಾರಿದವನಿಗೆ ಇಮ್ಮಡಿ ಬೆಲೆ ತೆರುವ ದಂಡವನ್ನು ಧರ್ಮಶಾಸ್ತ್ರಗಳು ವಿಧಿಸಿದ್ದುಂಟು. ಆದರೆ ಅಲ್ಲಿ ಅವರ ಕಣ್ಣಮುಂದಿದ್ದುದು ಹೆಚ್ಚಾಗಿ ಅಂಗಡಿಯ ಸರಕು, ಕೊಟ್ಟಿಗೆಯ ದನ.

1800ರ ಅಕ್ಟೋಬರಿನಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಅವನ ಕಾಲದಲ್ಲಿ ಹೊಲಹೊಲವನ್ನೂ ಅಳೆದು ರೈತನ ಹೆಸರಿಗೆ ಕಟ್ಟಿದರು. ಅಂದಿನಿಂದ ಭೂಮಿಯ ನೆನಪು ಊರ ಹಿರಿಯರ ಬಾಯಿಯಿಂದ ಕರಣಂನ ಕಟ್ಟಿಗೆ ವರ್ಗವಾಯಿತು. ಯಾವ ಹೊಲದಲ್ಲಿ ಬಾವಿ ಬತ್ತಿತು, ಯಾವ ವರ್ಷ ಬೆಳೆ ಸುಟ್ಟಿತು, ಯಾವುದಕ್ಕೆ ಕಂದಾಯ ವಜಾ ಸಿಕ್ಕಿತು ಎಂಬುದೆಲ್ಲ ಅವನಿಗೆ ತಿಳಿದಿತ್ತು. ಕೊಳ್ಳುವವನು ಮೊದಲು ಹೋಗುತ್ತಿದ್ದುದು ಅವನ ಜಗಲಿಗೆ. ಕರಣಂರ ಪ್ರಾಮಾಣಿಕತೆಯ ಬಗೆಗೆ ನಮ್ಮ ಹಳ್ಳಿಗಳಲ್ಲಿ ಎರಡು ಅಭಿಪ್ರಾಯಗಳಿವೆ, ಅದನ್ನು ಇಲ್ಲಿ ಬಿಡೋಣ. 1984ರಲ್ಲಿ ಎನ್.ಟಿ. ರಾಮರಾವ್ ಅವರ ಸರಕಾರ ಆ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಪಡಿಸಿದಾಗ ಒಂದು ಅನ್ಯಾಯ ತಪ್ಪಿತು. ಅದರೊಂದಿಗೆ, ಎಲ್ಲಿಯೂ ಬರೆದಿರದ ಒಂದು ದೊಡ್ಡ ನೆನಪಿನ ಭಂಡಾರವೂ ಹೋಯಿತು.

ಈಗ ಬೆಂಕಿಯ ಮಾತಿಗೆ ಬರೋಣ. ನಮ್ಮದು ದಟ್ಟಡವಿಯ ನಾಡಲ್ಲ. ರಾಯದುರ್ಗದ ಕೋಟೆಯ ಗುಡ್ಡವಾಗಲಿ ಮಡಕಶಿರದ ಬೆಟ್ಟಗಳಾಗಲಿ ಬಂಡೆ, ಮುಳ್ಳುಕಂಟಿ, ಬಾದೆಹುಲ್ಲುಗಳ ಬೀಡು. ಶಿವರಾತ್ರಿ ಕಳೆದರೆ ಹುಲ್ಲೆಲ್ಲ ಒಣಗಿ, ಒಂದು ಬೀಡಿಯ ತುದಿ ಸಾಕು; ರಾತ್ರಿಯೆಲ್ಲ ಗುಡ್ಡದ ನೆತ್ತಿಯ ಮೇಲೆ ಬೆಂಕಿಯ ಸಾಲು ಹರಿದಾಡುವುದು ಕಾಣುತ್ತದೆ. ಹೊಸ ಹುಲ್ಲು ಚಿಗುರಲಿ ಎಂದು ಕುರಿ ಕಾಯುವವರು ಹಚ್ಚುವುದೂ ಉಂಟು. ಈ ಬೆಂಕಿಯನ್ನು ಅಪರಾಧವೆಂದು ಮಾಡಿದುದು 1882ರ ಅರಣ್ಯ ಕಾಯಿದೆ. ಅದಕ್ಕೂ ಮೊದಲು ಗುಡ್ಡ ಊರಿನದು, ಹುಲ್ಲು ದನದ್ದು, ಬೆಂಕಿ ಯಾರದೂ ಅಲ್ಲ.

ಕಾಯಿದೆಯ ಕ್ರಮ ಹೀಗಿತ್ತು. ಮೊದಲು ಸರಕಾರ ಇಂಥ ಗುಡ್ಡವನ್ನು ಮೀಸಲು ಮಾಡುವೆವು ಎಂದು ಅಧಿಸೂಚನೆ ಹೊರಡಿಸಬೇಕು. ಬಳಿಕ ಅರಣ್ಯ ವ್ಯವಸ್ಥಾಧಿಕಾರಿ ಎಂಬವನು ತಾಲೂಕಿನ ಮುಖ್ಯ ಸ್ಥಳದಲ್ಲಿಯೂ ಸುತ್ತಲಿನ ಪ್ರತಿಯೊಂದು ಹಳ್ಳಿಯಲ್ಲಿಯೂ ಘೋಷಣೆ ಹೊರಡಿಸಿ, ಹಕ್ಕುಳ್ಳವರು ಗೊತ್ತಾದ ಅವಧಿಯೊಳಗೆ ಬಂದು ಹೇಳಿಕೊಳ್ಳಬೇಕೆಂದು ಸಾರಬೇಕು. ಹೇಳಿಕೊಳ್ಳದವನ ಹಕ್ಕು ಅಳಿಯುತ್ತದೆ. ಅಧಿಸೂಚನೆಯಾದ ದಿನದಿಂದ ಆ ನೆಲದಲ್ಲಿ ಹೊಸ ಹಕ್ಕು ಯಾವುದೂ ಹುಟ್ಟುವಂತಿಲ್ಲ. ಇತರ ಪ್ರಾಂತಗಳಿಗಾಗಿ ಮುಂದೆ ಬಂದ 1927ರ ಭಾರತೀಯ ಅರಣ್ಯ ಕಾಯಿದೆ ಇದನ್ನೇ ಇನ್ನೂ ಬಿಡಿಸಿ ಹೇಳಿತು: ಘೋಷಣೆಯು ಸ್ಥಳೀಯ ಭಾಷೆಯಲ್ಲಿರಬೇಕು, ಮೂರು ತಿಂಗಳಿಗೆ ಕಡಮೆಯಿಲ್ಲದ ಅವಧಿ ಕೊಡಬೇಕು. ಚಾವಡಿಯ ಗೋಡೆಗೆ ಕಾಗದ ಅಂಟಿಸುವುದು, ತಮಟೆ ಬಡಿಸುವುದು, ಇವೆರಡೇ ಅಂದಿನ ಪ್ರಕಟಣೆಯ ಸಾಧನಗಳು. ಓದು ಬಾರದ ಊರಿನಲ್ಲಿ ಕಾಗದಕ್ಕಿಂತ ತಮಟೆಗೆ ಬೆಲೆ ಹೆಚ್ಚು. ತಮಟೆಯವನು ಯಾವ ಭಾಷೆಯಲ್ಲಿ ಕೂಗಿದನು ಎಂಬುದು ಯಾವ ದಫ್ತರದಲ್ಲಿಯೂ ಸಿಗುವುದಿಲ್ಲ.

1927ರ ಕಾಯಿದೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಎರಡು ಕಲಮುಗಳಿವೆ. ಎರಡನ್ನೂ ಜೋಡಿಸಿ ಓದಿದವರು ಕಡಮೆ. 24ನೆಯ ಕಲಮಿನ ಪ್ರಕಾರ ಮೀಸಲು ಅರಣ್ಯದಲ್ಲಿ ಒಬ್ಬನಿಗೆ ಒಪ್ಪಿಕೊಟ್ಟ ಹಕ್ಕನ್ನು, ಎಂದರೆ ದನ ಮೇಯಿಸುವ ಹಕ್ಕನ್ನೋ ಸೌದೆಯ ಹಕ್ಕನ್ನೋ, ಸರಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಆದರೆ ಆ ಹಕ್ಕು ಒಂದು ಹೊಲಕ್ಕೋ ಮನೆಗೋ ಅಂಟಿಕೊಂಡುದಾದರೆ ಅದು ಹೊಲಮನೆಯೊಂದಿಗೆ ಕೊಳ್ಳುವವನಿಗೆ ಹೋಗಬಹುದು. ಇನ್ನು 26ನೆಯ ಕಲಮಿನ ಪ್ರಕಾರ, ಯಾರಾದರೂ ಬೇಕೆಂದೋ ತೀರ ಅಲಕ್ಷ್ಯದಿಂದಲೋ ಮೀಸಲು ಅರಣ್ಯಕ್ಕೆ ಬೆಂಕಿ ಬೀಳಿಸಿದರೆ, ಅಪರಾಧಿಗೆ ಶಿಕ್ಷೆಯಾದರೂ ಆಗದಿದ್ದರೂ, ಆ ಕಾಡಿನಲ್ಲಿ ಮೇವಿನ ಹಕ್ಕನ್ನೆಲ್ಲ ಸರಕಾರ ತನಗೆ ಸರಿಕಂಡಷ್ಟು ಕಾಲ ತಡೆಹಿಡಿಯಬಹುದು. ಈಗ ಯೋಚಿಸಿರಿ. ಗುಡ್ಡದ ಬುಡದ ಮನೆಯೊಂದನ್ನು ಮೇವಿನ ಹಕ್ಕಿನೊಂದಿಗೆ ಒಬ್ಬನು ಕೊಂಡನು. ಹೋದ ಬೇಸಗೆ ಗುಡ್ಡ ಉರಿದುದರಿಂದ ಆ ಹಕ್ಕು ಅಮಾನತಿನಲ್ಲಿದೆ. ಮಾರುವವನಿಗೆ ಅದು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಟ್ಟಿಯ ತುಂಬ ದನ ಕಟ್ಟಿಕೊಂಡು ಬಂದವನು ಗುಡ್ಡದ ಕೆಳಗೆ ನಿಂತು ಮೇಲೆ ನೋಡಬೇಕಷ್ಟೆ. ಸುಟ್ಟ ನೆಲದ ಮಾರಾಟ ಮತ್ತು ತಿಳಿವಳಿಕೆ ಎಂಬ ಪ್ರಶ್ನೆ ಭಾರತದ ಕಾನೂನಿನಲ್ಲಿ ಎದುರಾಗುವ ಜಾಗ ಇದು.

ಅವನಿಗೆ ಉತ್ತರ ಕೊಡಬೇಕಾದುದು ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು. ಸ್ವತ್ತಿನಲ್ಲಿ ಅಥವಾ ಅದರ ಹಕ್ಕಿನಲ್ಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ತಿಳಿದು ಕೊಳ್ಳುವವನಿಗೆ ತಿಳಿಯದೆ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥದಾದರೆ, ಮಾರುವವನು ಅದನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ಅದೇ ಕಲಮು ಕೊಳ್ಳುವವನನ್ನೂ ಬಿಡುವುದಿಲ್ಲ: ಮಾರುವವನಿಗೆ ತನ್ನ ಹಕ್ಕಿನ ಬಗ್ಗೆ ತಿಳಿಯದ, ಬೆಲೆಯನ್ನು ಬಹಳವಾಗಿ ಏರಿಸುವಂಥ ಸಂಗತಿ ಕೊಳ್ಳುವವನಿಗೆ ತಿಳಿದಿದ್ದರೆ ಅವನೂ ಬಾಯಿ ಬಿಡಬೇಕು. ನಮ್ಮ ಬಹುಪಾಲು ಕ್ರಯಪತ್ರಗಳಲ್ಲಿ ಈ ಎರಡನೆಯ ಮಾತು ಬರುವುದೇ ಇಲ್ಲ. ಯಾವ ತಕರಾರು ಬಂದರೂ ತಾನೇ ನಿವಾರಿಸಿಕೊಡುವೆನೆಂಬ ಹಳೆಯ ಒಕ್ಕಣೆ ಮಾತ್ರ ಪತ್ರ ಬರೆಯುವವರ ಕೈಯಿಂದ ತಾನಾಗಿ ಹರಿದುಬರುತ್ತದೆ.

ಕಾಣದ ದೋಷ ಯಾವುದು, ಕಾಣುವ ದೋಷ ಯಾವುದು? ಇದನ್ನು ತಿಳಿಯಲು ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ವೇದಾವತಿ, ಎಂದರೆ ನಮ್ಮ ಹಗರಿ, ರಾಯದುರ್ಗ ತಾಲೂಕಿನಲ್ಲಿ ಹರಿಯುವ ಕಡೆ ಕಣೇಕಲ್ಲು, ಬೊಮ್ಮನಹಾಳುಗಳ ಮಗ್ಗುಲಲ್ಲಿ ಮರಳಿನ ದಿಬ್ಬಗಳು ಹೊಲಗಳ ಮೇಲೆ ನಡೆದುಬರುತ್ತಿರುವುದನ್ನು ಹಿರಿಯರೆಲ್ಲ ಕಂಡಿದ್ದಾರೆ. ಆಷಾಢದ ಗಾಳಿ ಬೀಸಿದರೆ ಬದುವೇ ಕಾಣದು. ಇಂಥ ಹೊಲವನ್ನು ಕೊಂಡವನು ಆಮೇಲೆ ಮೋಸ ಹೋದೆನೆಂದರೆ ಯಾವ ನ್ಯಾಯಾಧೀಶನೂ ಒಪ್ಪಲಾರನು. ಮರಳು ಹಗಲು ಹೊತ್ತಿನಲ್ಲಿ ಕಾಣುತ್ತದೆ. ಬೆಂಕಿ ಹಾಗಲ್ಲ. ಎರಡು ಮಳೆ ಬಿದ್ದರೆ ಬೂದಿ ತೊಳೆದುಹೋಗುತ್ತದೆ, ಹುಲ್ಲು ಮೊದಲಿಗಿಂತ ಹಸುರಾಗಿಯೇ ಚಿಗುರುತ್ತದೆ. ನೆಲದ ಮೇಲಣ ಮಣ್ಣು ಸಡಿಲಾಗಿ ಹಳ್ಳಕ್ಕೆ ಇಳಿದಿರುತ್ತದೆ, ಬೇಲಿಯ ಮರಗಳು ಒಳಗೇ ಸತ್ತಿರುತ್ತವೆ, ಆದರೆ ಚೈತ್ರದಲ್ಲಿ ಉರಿದುದು ಶ್ರಾವಣದಲ್ಲಿ ನೋಡಲು ಬಂದವನಿಗೆ ತಿಳಿಯದು. ಮೂರನೆಯದು ನೀರು. ಹಿಪ್ಪುನೇರಳೆಯ ತೋಟವನ್ನು ಕೊಳ್ಳುವವನಿಗೆ ತೋರಿಸುವ ದಿನ ಕೊಳವೆಬಾವಿಯನ್ನು ಎರಡು ದಿನ ಸುಮ್ಮನೆ ಬಿಟ್ಟು, ಬಂದಾಗ ಮೋಟಾರು ಹಾಕಿದರೆ ಧಾರೆ ಚೆನ್ನಾಗಿಯೇ ಬರುತ್ತದೆ. ಒಂದು ಗಂಟೆ ನಿಂತು ನೋಡುವ ವ್ಯವಧಾನ ಇರುವವನು ಮಾತ್ರ ನಿಜವನ್ನು ತಿಳಿಯುತ್ತಾನೆ. 2002ರಲ್ಲಿ ಬಂದ ಆಂಧ್ರಪ್ರದೇಶದ ಜಲ, ಭೂಮಿ, ವೃಕ್ಷ ಕಾಯಿದೆ ಅಂತರ್ಜಲ ಮಿತಿಮೀರಿ ಬಳಕೆಯಾದ ಪ್ರದೇಶಗಳನ್ನು ಅಧಿಸೂಚಿಸಿ ಅಲ್ಲಿ ಹೊಸ ಬಾವಿ ತೆಗೆಯುವುದನ್ನು ತಡೆಯುವ ಅಧಿಕಾರ ಕೊಟ್ಟಿತು. ಹೊಲ ಕೊಂಡು ಬೋರು ಹಾಕಿಸುವೆನೆಂದು ಬಂದವನಿಗೆ ಮೊದಲು ತಿಳಿಯಬೇಕಾದುದು ಈ ಪಟ್ಟಿ. ಕ್ರಯಪತ್ರದಲ್ಲಿ ಅದರ ಒಂದು ಸಾಲೂ ಇರುವುದಿಲ್ಲ.

ಬೇರೆ ದೇಶಗಳು ಈ ಸಾಲನ್ನು ಬರೆದೇ ತೀರಬೇಕೆಂದು ಮಾಡಿವೆ. ಇಟಲಿ ದೇಶದ 2000ನೆಯ ಇಸವಿಯ 353ನೆಯ ಕಾಯಿದೆ ನನಗೆ ತಿಳಿದಮಟ್ಟಿಗೆ ಎಲ್ಲಕ್ಕಿಂತ ನಿಷ್ಠುರವಾದುದು. ಅಲ್ಲಿ ಕಾಡೋ ಗೋಮಾಳವೋ ಸುಟ್ಟರೆ ಹದಿನೈದು ವರ್ಷ ಆ ನೆಲದ ಬಳಕೆಯನ್ನು ಬದಲಿಸುವಂತಿಲ್ಲ, ಹತ್ತು ವರ್ಷ ಅಲ್ಲಿ ಕಟ್ಟಡ ಕಟ್ಟುವಂತಿಲ್ಲ. ಆ ಹದಿನೈದು ವರ್ಷಗಳೊಳಗೆ ಮಾರಾಟವಾದರೆ ಕ್ರಯಪತ್ರದಲ್ಲಿಯೇ ಈ ನಿರ್ಬಂಧವನ್ನು ಸ್ಪಷ್ಟವಾಗಿ ಬರೆಯಬೇಕು. ಬರೆಯದಿದ್ದರೆ ಪತ್ರವೇ ಅಸಿಂಧು. ಸುಟ್ಟ ನೆಲದ ಪಟ್ಟಿಯನ್ನು ಊರಿನ ಪುರಸಭೆ ತಯಾರಿಸಿ ಮೂವತ್ತು ದಿನ ಸೂಚನಾಫಲಕದಲ್ಲಿ ಹಾಕಿ, ಆಕ್ಷೇಪಣೆ ಕೇಳಿ, ಆಮೇಲೆ ಸ್ಥಿರಪಡಿಸಬೇಕು. ಕಾರಣ ಸ್ಪಷ್ಟ: ಮನೆ ಕಟ್ಟುವ ಆಸೆಗಾಗಿ ಕಾಡಿಗೆ ಬೆಂಕಿ ಹಚ್ಚುವವರ ಲಾಭವನ್ನೇ ಕಿತ್ತುಹಾಕುವುದು. ಕಾನೂನು ಬೆಂಕಿಯನ್ನು ಆರಿಸಲಾರದು. ಬೆಂಕಿಯಿಂದ ಬರುವ ಹಣವನ್ನು ಆರಿಸಬಹುದು ಎಂದು ಅವರು ಕಂಡುಕೊಂಡರು.

ಕ್ಯಾಲಿಫೋರ್ನಿಯದ ದಾರಿ ಬೇರೆ. 1998ರಿಂದ ಅಲ್ಲಿ ಮನೆ ಮಾರುವವನು ನೈಸರ್ಗಿಕ ಅಪಾಯಗಳ ಹೇಳಿಕೆಯೊಂದನ್ನು ಸಹಿ ಮಾಡಿ ಕೊಡಬೇಕು. ನೆರೆ, ಅಣೆಕಟ್ಟೆಯ ಮುಳುಗಡೆ, ಭೂಕಂಪ ಇವುಗಳೊಂದಿಗೆ ಬೆಂಕಿಯ ಅಪಾಯ ಅತಿ ಹೆಚ್ಚಿರುವ ವಲಯದಲ್ಲಿ ಮನೆ ಇದೆಯೇ ಎಂಬ ಪ್ರಶ್ನೆಗೂ ಅಲ್ಲಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. 1991ರಲ್ಲಿ ಓಕ್‌ಲ್ಯಾಂಡಿನ ಗುಡ್ಡಗಳು ಉರಿದ ಮೇಲೆಯೇ ಅಂಥ ವಲಯಗಳನ್ನು ಗುರುತಿಸುವ ಕಾನೂನು ಬಂದುದು. 2025ರ ಜನವರಿ 7ರಂದು ಲಾಸ್ ಏಂಜಲೀಸಿನ ಸುತ್ತ ಹೊತ್ತಿದ ಬೆಂಕಿಯಲ್ಲಿ ಸಾವಿರಾರು ಮನೆಗಳು ಹೋದಾಗ, ನಮ್ಮ ಊರುಗಳಲ್ಲಿ ಎಷ್ಟೋ ಮನೆಯವರು ಮಕ್ಕಳ ದೂರವಾಣಿಗಾಗಿ ರಾತ್ರಿಯೆಲ್ಲ ಕಾದಿದ್ದರು. ಒಂದು ವಾರ ಕಳೆಯುವುದರೊಳಗೆ, 14ರಂದು, ಅಲ್ಲಿಯ ಗವರ್ನರರು ಒಂದು ಆಜ್ಞೆ ಹೊರಡಿಸಿದರು: ಸುಟ್ಟ ಪ್ರದೇಶಗಳಲ್ಲಿ ಮೂರು ತಿಂಗಳ ಕಾಲ, ಬೆಂಕಿಗೆ ಹಿಂದಿನ ದಿನದ ಬೆಲೆಗಿಂತ ಕಡಮೆಗೆ ಕೊಡಿರೆಂದು ಯಾರೂ ತಾವಾಗಿ ಹೋಗಿ ಕೇಳುವಂತಿಲ್ಲ. ಇಲ್ಲಿ ರಕ್ಷಣೆ ಕೊಳ್ಳುವವನಿಗಲ್ಲ, ಮಾರುವವನಿಗೆ. ಬೂದಿಯ ಮುಂದೆ ನಿಂತವನಿಗೆ ಬೆಲೆ ತಿಳಿಯುವುದಿಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ, ಎಂದರೆ ಅಂದು ಅದರೊಳಗಿದ್ದ ನಮ್ಮೆರಡು ತಾಲೂಕುಗಳೂ, ಅನುಭವಿಸಿದುದನ್ನು ಬಲ್ಲವರಿಗೆ ಆ ಆಜ್ಞೆಯ ಬೆಲೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ಹೊಟ್ಟೆಗಿಲ್ಲದವನ ಮುಂದೆ ಹಣದ ಚೀಲ ಬಿಚ್ಚುವವನನ್ನು ತಡೆಯುವ ಇಂಥ ಅಧಿಕಾರವನ್ನು ಆಗ ಯಾರೂ ಚಲಾಯಿಸಲಿಲ್ಲ.

ನಮ್ಮಲ್ಲಿಯೂ ಪಟ್ಟಿಗಳಿಲ್ಲವೆಂದಲ್ಲ. ನೋಂದಣಿ ಕಾಯಿದೆಗೆ ಆಂಧ್ರದಲ್ಲಿ ಸೇರಿಸಿದ 22-ಎ ಕಲಮಿನ ಪ್ರಕಾರ ಮಾರಬಾರದ ಸ್ವತ್ತುಗಳ ಪಟ್ಟಿಯೊಂದು ಪ್ರತಿಯೊಂದು ನೋಂದಣಿ ಕಚೇರಿಯಲ್ಲಿ ಇರುತ್ತದೆ: ಸರಕಾರದ ನೆಲ, ದೇವಸ್ಥಾನದ ನೆಲ, ಬಡವರಿಗೆ ಹಂಚಿಕೊಟ್ಟ ನೆಲ. ಹಂಚಿಕೆಯ ಭೂಮಿಯನ್ನು ಕಾಪಾಡಲೆಂದು 1977ರಲ್ಲಿಯೇ ಪ್ರತ್ಯೇಕ ಕಾಯಿದೆ ಬಂದಿತ್ತು. ಸರ್ವೆ ನಂಬರು ತಪ್ಪಾಗಿ ಈ ಪಟ್ಟಿಗೆ ಸೇರಿ, ಮಗಳ ಮದುವೆಯ ಹೊತ್ತಿಗೆ ಹೊಲ ಮಾರಲು ಹೋದಾಗ ಮಾತ್ರ ಅದು ತಿಳಿದ ಮನೆಗಳು ಗಡಿಯ ಎರಡು ತಾಲೂಕುಗಳಲ್ಲಿಯೂ ಇವೆ. ಪಟ್ಟಿಯಲ್ಲಿ ಇಲ್ಲದಿರುವುದೆಂದರೆ ನೆಲದ ಕಷ್ಟಗಳು. ಹಕ್ಕಿನ ದೋಷವನ್ನು ಹೇಳಲು ನಾವು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಮಣ್ಣಿನ ದೋಷವನ್ನು ಮಾರುವವನ ಮನಸ್ಸಾಕ್ಷಿಗೆ ಬಿಟ್ಟಿದ್ದೇವೆ.

ಇನ್ನು ಉಳಿದುದು ಭಾಷೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ಬಳ್ಳಾರಿ ಸಹಿತ ಉಳಿದವು ಮೈಸೂರಿಗೆ ಬಂದವು. ಆದವಾನಿ, ಆಲೂರುಗಳನ್ನು ಕರ್ನೂಲಿಗೂ ರಾಯದುರ್ಗವನ್ನು ಅನಂತಪುರಕ್ಕೂ ಸೇರಿಸಿದರು. ಹೀಗೆ 1882ರಲ್ಲಿ ಬೇರೆಯಾಗಿದ್ದ ರಾಯದುರ್ಗ, ಮಡಕಶಿರಗಳು ಮತ್ತೆ ಒಂದೇ ಜಿಲ್ಲೆಯಲ್ಲಿ ಕೂಡಿದವು. 2022ರ ಏಪ್ರಿಲ್ 4ರಂದು ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದಾಗ ಇನ್ನೊಮ್ಮೆ ಅಗಲಿದವು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಹೊಲದ ವಿಳಾಸ ಬದಲಾಗುತ್ತದೆ. ಅಜ್ಜನ ಪತ್ರದಲ್ಲಿ ಬಳ್ಳಾರಿ ಜಿಲ್ಲೆ, ಮೊಮ್ಮಗನ ಪತ್ರದಲ್ಲಿ ಬೇರೆಯದು.

1908ರ ನೋಂದಣಿ ಕಾಯಿದೆಯ 19ನೆಯ ಕಲಮು ಹೀಗೆ ಹೇಳುತ್ತದೆ: ನೋಂದಣಾಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಯೂ ಇಲ್ಲದ ಭಾಷೆಯ ಪತ್ರವನ್ನು ಅವನು, ನಿಜವಾದ ಅನುವಾದವೂ ನಕಲೂ ಜೊತೆಗಿಲ್ಲದಿದ್ದರೆ, ತಿರಸ್ಕರಿಸಬೇಕು. ಎರಡು ಷರತ್ತುಗಳೂ ಕೂಡಿಬರಬೇಕು ಎಂಬುದನ್ನು ಗಮನಿಸಬೇಕು. ಅಧಿಕಾರಿಗೆ ಕನ್ನಡ ಬಾರದು ಎಂಬುದಷ್ಟೇ ಸಾಲದು. ಕನ್ನಡವು ಆ ಸೀಮೆಯಲ್ಲಿ ಬಳಕೆಯ ಭಾಷೆಯಲ್ಲ ಎಂದೂ ಆಗಬೇಕು. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳ ಸಂತೆಯಲ್ಲಿ ನಿಂತವನಿಗೆ ಹಾಗೆ ಹೇಳುವ ಧೈರ್ಯ ಬಾರದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯೊಂದಿಗೆ ಕೇಂದ್ರ ಸರಕಾರ ಹೊರಡಿಸಿದ ಜ್ಞಾಪನಪತ್ರವೂ ನಮ್ಮ ಪರವಾಗಿದೆ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಅಲ್ಪಸಂಖ್ಯಾತ ಭಾಷಿಕರಿದ್ದರೆ ಮುಖ್ಯವಾದ ಸರಕಾರಿ ನೋಟೀಸುಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಪ್ರಕಟಿಸುವುದು ಒಳಿತೆಂದು ಅದು ಸೂಚಿಸಿತು. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಅದನ್ನು ಒಪ್ಪಿತು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ಕಚೇರಿಗಾದರೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. ಭಾಷಾ ಅಲ್ಪಸಂಖ್ಯಾತರ ಆಯುಕ್ತರೆಂಬ ಅಧಿಕಾರಿ 1957ರಿಂದ ಇದ್ದಾರೆ. ವರದಿಗಳನ್ನು ಬರೆಯುತ್ತ ಬಂದಿದ್ದಾರೆ.

ನಮ್ಮ ಸಂಘಗಳು ಕನ್ನಡ ಶಾಲೆಗಾಗಿ, ಶಿಕ್ಷಕರ ಹುದ್ದೆಗಾಗಿ, ಪಠ್ಯಪುಸ್ತಕಕ್ಕಾಗಿ ಅರ್ಜಿ ಬರೆದಿವೆ; ಅದು ಆಗಬೇಕಾದ ಕೆಲಸವೇ. ನೋಟೀಸಿಗಾಗಿ ಬರೆದ ಅರ್ಜಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮೂರು ಕಾಗದಗಳಿಂದ ಮೊದಲುಮಾಡಬಹುದು: ಮಾರಬಾರದ ಸ್ವತ್ತುಗಳ ಪಟ್ಟಿ, ಅಂತರ್ಜಲದ ಅಧಿಸೂಚನೆ, ಅರಣ್ಯದ ಎಲ್ಲೆಯನ್ನು ಹೇಳುವ ಘೋಷಣೆ. ಮೂರೂ ಸರ್ವೆ ನಂಬರುಗಳ ಸಾಲುಗಳು, ಅನುವಾದಕ್ಕೆ ಪಂಡಿತರು ಬೇಕಿಲ್ಲ. ಜಿಲ್ಲಾಧಿಕಾರಿಗಳಿಗೆ ಬರೆಯುವಾಗ 1956ರ ಜ್ಞಾಪನಪತ್ರವನ್ನು ಉಲ್ಲೇಖಿಸಿ, ಮಂಡಲದಲ್ಲಿ ಕನ್ನಡ ಮಾತಾಡುವವರ ಜನಗಣತಿಯ ಅಂಕಿಯನ್ನು ಮೇಲ್ಗಡೆಯೇ ಬರೆಯಬೇಕು. ಅರ್ಜಿಯನ್ನು ಕನ್ನಡದಲ್ಲಿ ಬರೆದು ತೆಲುಗು ಅನುವಾದವನ್ನು ಜೊತೆಗಿಟ್ಟರೆ ಕೆಲಸ ಬೇಗ ನಡೆಯುತ್ತದೆ.